ಚಿಕ್ಕಿಯ ಬಾಣಂತನ

ಅಹಮದಾಬಾದಿನ ಸ್ಯಾಟಲೈಟ್ ಕಡೆಯ ಒಂದು ಫ್ಲಾಟಿನಲ್ಲಿ ನಾಯಿಗೆ ಬಾಣಂತನ ನಡೆಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಹಾಗಾದರೆ ಮರಿ ಹಾಕಿತ್ತೇ ಎಂದು ಕೇಳಿದರೆ, ಇಲ್ಲ ಮಾರಾಯ್ರೆ, ಮರಿ ಹಾಕುವ ವಯಸ್ಸು ಅದಕ್ಕೆ ಎಂದೋ ದಾಟಿತ್ತು. ಹುಳುಕು ಹಲ್ಲು ಕೀಳಿಸಿಕೊಂಡು ಬಂದಿತ್ತು, ಅಷ್ಟೆ. ಆದರೆ ಸಾವಿತ್ರಕ್ಕನ ಲೆಕ್ಕವೇ ಬೇರೆ. ನೆತ್ತರು ಹೋಗಿ, ಮೈ ಹಸಿಯಾಗಿ, ಮೂಲೆಯಲ್ಲಿ ಮುದುಡಿ ಮಲಗಿದ ಹೆಣ್ಣುಜೀವಕ್ಕೆ ಎರಡು ಕಾಲಿರಲಿ, ನಾಲ್ಕಿರಲಿ, ಅದು ಅವಳಿಗೆ ಬಾಣಂತಿಯೇ.

ಈ ಸಾವಿತ್ರಕ್ಕ ಯಾರೆಂದು ಗುಜರಾತಿನಲ್ಲಿರುವ ಕನ್ನಡದವರನ್ನು ಕೇಳಬೇಕು. ಬ್ಯಾಂಕು, ರೈಲ್ವೆ, ಇನ್ಶೂರೆನ್ಸು ಎಂದು ವರ್ಗವಾಗಿ ಬಂದವರ ಮನೆಯಲ್ಲಿ ಹುಡುಗಿ ಬಸುರಾದರೆ ಸಾಕು, ಆಸ್ಪತ್ರೆ ಗೊತ್ತುಮಾಡುವ ಮೊದಲು ಇವಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಉಡುಪಿ ಕಡೆಯವಳು. ಗಂಡ ತೀರಿಕೊಂಡ ಮೇಲೆ, ವಡೋದರಾದಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟಿದ್ದ ತಮ್ಮ ಪದ್ಮನಾಭನ ಹತ್ತಿರ ಬಂದು ಚಟ್ನಿ ರುಬ್ಬುತ್ತಿದ್ದಳು. ಜೀವಮಾನವೆಲ್ಲ ಚಟ್ನಿಯನ್ನೇ ರುಬ್ಬುತ್ತಿದ್ದಳೋ ಏನೋ. ಅಷ್ಟರಲ್ಲಿ ಕೊಯಾಲಿಯ ರಿಫೈನರಿ ಕ್ವಾರ್ಟರ್ಸಿನಲ್ಲಿ ಮಾಧ್ವರ ಮನೆಯ ಸೊಸೆಯೊಬ್ಬಳು ಹೆತ್ತಳು, ಎದೆಹಾಲು ಬರಲಿಲ್ಲ. ಸಹಾಯಕ್ಕೆಂದು ಹೋದ ಸಾವಿತ್ರಕ್ಕ, "ಬಾಣಂತಿಗೆ ಬೆಳ್ಳುಳ್ಳಿ ಕೊಡದೆ ಹಾಲು ಎಲ್ಲಿಂದ ಬರ್ತದೆ?" ಎಂದು ಬಾಯಿ ಬಿಟ್ಟಳು. ಆ ಹುಡುಗಿಯ ಅತ್ತೆ ಮಹಾ ಮಡಿ ಹೆಂಗಸು. ಬೆಳ್ಳುಳ್ಳಿ ಹೊಸಿಲು ದಾಟಿದರೆ ತಾನು ಈ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದುಬಿಟ್ಟಳು. ಕೂಸು ಹಸಿದು ಕಿರುಚುತ್ತಲೇ ಇತ್ತು.

ಸಾವಿತ್ರಕ್ಕ ಆವತ್ತು ವಾದಕ್ಕೆ ನಿಲ್ಲಲಿಲ್ಲ. ತಮ್ಮನ ಮನೆಗೆ ಬಂದು ಬೆಳ್ಳುಳ್ಳಿಯನ್ನು ಹಾಲಿನಲ್ಲಿ ಬೇಯಿಸಿ, ನುಣ್ಣಗೆ ರುಬ್ಬಿ, ತುಪ್ಪದಲ್ಲಿ ಹುರಿದೂ ಹುರಿದೂ ಅದರ ವಾಸನೆ ಕಳೆದಳು. ಮೇಲಿಂದ ಒಣಶುಂಠಿ, ಓಮ, ಮೆಣಸು, ಬೆಲ್ಲ ಹಾಕಿ ಕಾಯಿಸಿ ಲೇಹ್ಯ ಮಾಡಿದಳು. ಮೂಸಿದವರಿಗೆ ಓಮ ಶುಂಠಿ ಬಿಟ್ಟು ಬೇರೆ ಏನೂ ಗೊತ್ತಾಗುವಂತಿರಲಿಲ್ಲ. ಆ ಮಡಿ ಅತ್ತೆಯೇ ಮೂಸಿ ನೋಡಿ, ಘಮಘಮ ಅನ್ನುತ್ತದಲ್ಲ ಎಂದು ತನ್ನ ಕೈಯಿಂದಲೇ ಸೊಸೆಯ ಬಾಯಿಗಿಟ್ಟಳು. ಹಾಲು ಬಂತು. ಲೇಹ್ಯದಿಂದ ಬಂತೋ, ಅಷ್ಟು ಹೊತ್ತಿಗೆ ಹುಡುಗಿಗೆ ನಾಲ್ಕು ಗಳಿಗೆ ನಿದ್ದೆ ಹತ್ತಿದ್ದರಿಂದ ಬಂತೋ, ನಾನಂತೂ ಹೇಳಲಾರೆ. ಹೆಸರು ಬಂದದ್ದು ಸಾವಿತ್ರಕ್ಕನಿಗೆ.

ಆಮೇಲೆ ಕೇಳಬೇಕೇ? ವಡೋದರಾದಿಂದ ಸೂರತ್ತಿಗೆ, ಸೂರತ್ತಿನಿಂದ ಅಹಮದಾಬಾದಿಗೆ ಅವಳ ಹೆಸರು ಅವಳಿಗಿಂತ ಮುಂಚೆ ರೈಲು ಹತ್ತಿತು. ಎಣ್ಣೆ ತಿಕ್ಕಿ ನೀರೆರೆಯುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು, ಸಾಂಬ್ರಾಣಿ ಹಾಕುವುದು, ಎಲ್ಲದರಲ್ಲೂ ಪಳಗಿದ ಕೈ. ಆದರೆ ಎಲ್ಲರ ಬಾಯಲ್ಲೂ ಇದ್ದದ್ದು ಲೇಹ್ಯದ ಮಾತೇ. ತಮಾಷೆಯೆಂದರೆ ಅವಳನ್ನು ಹೆಚ್ಚಾಗಿ ಕರೆದದ್ದು ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಗಳವರು. ಇದಕ್ಕೆ ಏನೇನು ಹಾಕುತ್ತೀರಿ ಎಂದು ಯಾರಾದರೂ ಕೇಳಿದರೆ, "ಅದು ನಮ್ಮಜ್ಜಿಯ ಮದ್ದು, ಹೇಳಿದ್ರೆ ಗುಣ ಹೋಗ್ತದೆ" ಎಂದು ನಗುತ್ತಿದ್ದಳು. ಇದನ್ನು ಮೋಸ ಎನ್ನುವುದಾದರೆ ಎನ್ನಿ, ನಾನು ಅಡ್ಡ ಬರುವುದಿಲ್ಲ. ಅವಳಿಗೆ ಮಾತ್ರ ಒಂದು ದಿನವೂ ಹಾಗೆ ಅನಿಸಿರಲಿಲ್ಲ. ಬಾಣಂತಿಗೆ ಬೆಳ್ಳುಳ್ಳಿಯ ದೋಷವಿಲ್ಲ ಎಂದು ಅಜ್ಜಿ ಹೇಳಿದ್ದಳು, ಅಷ್ಟು ಅವಳಿಗೆ ಸಾಕಾಗಿತ್ತು.

ಸ್ಯಾಟಲೈಟಿನ ಮನೆ ಪಟ್ಟಾಭಿರಾಮನದು. ಮೈಸೂರಿನವನು, ಇನ್ಶೂರೆನ್ಸ್ ಆಫೀಸಿನಲ್ಲಿ ದೊಡ್ಡ ಹುದ್ದೆ. ಹೆಂಡತಿ ರಚನಾ ಶಾಲೆಯಲ್ಲಿ ಗಣಿತದ ಟೀಚರು. ಅವರ ಒಬ್ಬಳೇ ಮಗಳು ಮನಸ್ವಿನಿ ಹುಟ್ಟಿದಾಗ ಬಾಣಂತನಕ್ಕೆ ಬಂದ ಸಾವಿತ್ರಕ್ಕ ಅಲ್ಲಿಯೇ ಉಳಿದುಬಿಟ್ಟಳು. ಬೇರೆ ಮನೆಯಿಂದ ಕರೆ ಬಂದರೆ ಹೋಗುತ್ತಿದ್ದಳು, ಮುಗಿಸಿಕೊಂಡು ಇಲ್ಲಿಗೇ ಮರಳುತ್ತಿದ್ದಳು. ಅಡುಗೆಮನೆ ಅವಳ ಕೈಯಲ್ಲೇ. ಮನಸ್ವಿನಿ ಈಗ ಹನ್ನೆರಡನೇ ಕ್ಲಾಸಿನ ಹುಡುಗಿ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಮಿಕ್ಕಿದ್ದರಲ್ಲಿ ಅರ್ಧ ಗುಜರಾತಿ. ಸಾವಿತ್ರಕ್ಕನನ್ನು ಅಜ್ಜಿ ಎಂದು ಕರೆಯುತ್ತಿದ್ದಳು.

ರಚನಾಳಿಗೆ ಒಂದು ಹೆಮ್ಮೆ. ಯಾರೇ ಮನೆಗೆ ಬರಲಿ, ಚಹಾ ಕೊಡುವ ಮೊದಲೇ, "ನಮ್ಮನೇಲಿ ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟಲ್ಲ" ಎಂದು ಹೇಳಿಯಾಗಬೇಕು. ಎದುರು ಫ್ಲಾಟಿನ ಜೈನರು ಇವರ ಮನೆಯ ತಿಂಡಿಯನ್ನು ಹಿಂದೆ ಮುಂದೆ ನೋಡದೆ ತಿನ್ನುತ್ತಿದ್ದರು, ಅದು ಅವಳಿಗೆ ದೊಡ್ಡ ಮರ್ಯಾದೆ. ಆ ಮಾತು ಕೇಳಿದಾಗೆಲ್ಲ ಸಾವಿತ್ರಕ್ಕ ಒಗ್ಗರಣೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಆ ಅಡುಗೆಮನೆಯಲ್ಲಿ ಅವಳು ಬೆಳ್ಳುಳ್ಳಿ ಸುಲಿದವಳೇ ಅಲ್ಲ, ಲೇಹ್ಯ ಕಾಯಿಸುವುದೆಲ್ಲ ವಡೋದರಾದಲ್ಲಿ ತಮ್ಮನ ಮನೆಯಲ್ಲಿ.

ಚಿಕ್ಕಿ ಮನಸ್ವಿನಿಯ ನಾಯಿ. ಬಿಳಿ ಪೊಮೇರಿಯನ್ನು, ಒಂದು ಮೊರದಲ್ಲಿ ಹಿಡಿಸುವಷ್ಟು ಮೈ, ಇಡೀ ಬಿಲ್ಡಿಂಗಿಗೆ ಕೇಳುವಷ್ಟು ಗಂಟಲು. ಮನಸ್ವಿನಿಯ ಮಾತಿಗೆ ಬಾಲ ಆಡಿಸುತ್ತಿತ್ತು, ಹೊಟ್ಟೆ ಹಸಿದಾಗ ಸಾವಿತ್ರಕ್ಕನ ಸೀರೆಯ ನೆರಿಗೆ ಎಳೆಯುತ್ತಿತ್ತು. ಈಚೆಗೆ ಅದರ ಬಾಯಿ ಗಬ್ಬುನಾತ ಹೊಡೆಯತೊಡಗಿತು, ಅನ್ನ ಅಗಿಯುವಾಗ ಕುಂಯ್ ಎನ್ನುತ್ತಿತ್ತು. ಮನಸ್ವಿನಿ ಹಟ ಹಿಡಿದು ಬೋಡಕ್‌ದೇವ್‌ನಲ್ಲಿದ್ದ ಡಾಕ್ಟರ್ ಹೇತಲ್ ಎನ್ನುವ ಎಳೆ ವಯಸ್ಸಿನ ಪ್ರಾಣಿವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು. ಹಿಂದಿನ ಹಲ್ಲುಗಳು ಹುಳುಕಾಗಿ ಒಸಡಿನಲ್ಲಿ ಕೀವಾಗಿತ್ತು. ಇಷ್ಟು ವಯಸ್ಸಾದ ನಾಯಿಗೆ ಪ್ರಜ್ಞೆ ತಪ್ಪಿಸುವ ಔಷಧ ಕೊಡುವುದೇ ಎಂದು ರಚನಾ ಅನುಮಾನಿಸಿದಳು. ಡಾಕ್ಟರು ರಕ್ತಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದ ಮೇಲೆ ಒಪ್ಪಿದಳು. ಹಲ್ಲು ಕಿತ್ತು, ಒಸಡಿಗೆ ಹೊಲಿಗೆ ಹಾಕಿ, ಡಬ್ಬಿಯ ಮೆತ್ತನೆ ಆಹಾರ ಕೊಟ್ಟು, ಇದರ ಹೊರತು ಬೇರೇನೂ ಬೇಡ ಎಂದು ಹೇಳಿ ಕಳಿಸಿದರು.

ಡಬ್ಬಿಯ ಆಹಾರವನ್ನು ಚಿಕ್ಕಿ ಮೂಸಿ ಕೂಡ ನೋಡಲಿಲ್ಲ. ಗಂಡ ಆಫೀಸಿಗೆ, ಹೆಂಡತಿ ಶಾಲೆಗೆ, ಮಗಳು ಕ್ಲಾಸಿಗೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಸಾವಿತ್ರಕ್ಕ ಮತ್ತು ಆ ಮೂಲೆಯ ಮುದ್ದೆ.

"ಪಾಪದ್ದು, ಬಾಯಿಯೆಲ್ಲ ಹಸಿ ಉಂಟು. ಅದಕ್ಕೆ ಡಬ್ಬಿಯ ತಂಗಳು ತಿನ್ಸುದಾ?" ಎಂದು ತನ್ನಷ್ಟಕ್ಕೆ ಬೈದುಕೊಳ್ಳುತ್ತ ಅವಳು ಅಕ್ಕಿಯ ಗಂಜಿ ಬೇಯಿಸಿದಳು. ತುಪ್ಪ ಬಿಟ್ಟಳು. ಆಗ ನೆನಪಾಯಿತು ಲೇಹ್ಯ. ಸೂರತ್ತಿನಲ್ಲಿ ಹಯವದನಾಚಾರ್ಯರ ಸೊಸೆ ಶ್ವೇತಾಳಿಗೆ ದಿನ ಹತ್ತಿರ ಬಂದಿತ್ತು. ಅವಳಿಗೆಂದು ಮಾಡಿ ತಂದ ಭರಣಿ ಸಾವಿತ್ರಕ್ಕನ ಟ್ರಂಕಿನಲ್ಲಿ ಬಟ್ಟೆಯ ಅಡಿಯಲ್ಲಿತ್ತು. ಒಂದು ನೆಲ್ಲಿಕಾಯಿಯಷ್ಟು ತೆಗೆದು ಗಂಜಿಯಲ್ಲಿ ಕದಡಿದಳು. ಚಿಕ್ಕಿ ತಲೆ ಎತ್ತಿತು, ನೆಕ್ಕಿತು, ಬಟ್ಟಲು ಖಾಲಿ ಮಾಡಿ ಬಟ್ಟಲನ್ನೇ ನೆಲದ ಮೇಲೆ ದೂಡಿಕೊಂಡು ಹೋಯಿತು. ಆ ಮೇಲೆ ಬೆಳಿಗ್ಗೆ ಒಂದು ಉಂಡೆ, ಸಂಜೆ ಒಂದು ಉಂಡೆ ಎಂದು ಕ್ರಮವಾಯಿತು. ಕಾಲಿಗೆ ಎಣ್ಣೆ ತಿಕ್ಕಿದ್ದೂ ಉಂಟು, ನಗಬೇಡಿ.

"ಏನು ಕೊಡ್ತಿದೀರಿ ಸಾವಿತ್ರಮ್ಮ? ಇಷ್ಟು ಚೆನ್ನಾಗಿ ತಿಂತಿದೆ" ಎಂದು ರಚನಾ ಕೇಳಿದಳು.

"ಗಂಜಿ, ತುಪ್ಪ. ಮತ್ತೆಂತ?"

"ನಿಮ್ಮ ಕೈಗುಣ ಬಿಡಿ."

ಅಷ್ಟಕ್ಕೇ ಸಾವಿತ್ರಕ್ಕ ಉಬ್ಬಿದಳು. ಇಷ್ಟು ವರ್ಷದ ಅಭ್ಯಾಸ, ಲೇಹ್ಯದ ಮಾತು ಬಂದರೆ ನಾಲಿಗೆ ತಾನಾಗಿ ಬೇರೆ ದಾರಿ ಹಿಡಿಯುತ್ತಿತ್ತು.

ವಾರ ತುಂಬುವುದರೊಳಗೆ ಎಲ್ಲ ತಿರುಗಾಮುರುಗಾ ಆಯಿತು. ಕ್ಲಾಸಿನಿಂದ ಬಂದ ಮನಸ್ವಿನಿ ಬಾಗಿಲಲ್ಲೇ ನಿಂತು, "ಚಿಕ್ಕಿ, ಆಜಾ" ಎಂದು ಕರೆದಳು. ಚಿಕ್ಕಿ ಎದ್ದಿತು. ಎರಡು ಹೆಜ್ಜೆ ಇಟ್ಟದ್ದೇ ಮುಂಗಾಲು ಜಾರಿ ಗದ್ದ ನೆಲಕ್ಕೆ ಬಡಿಯಿತು. ಮತ್ತೆ ಏಳಲು ನೋಡಿತು, ಆಗಲಿಲ್ಲ. ಎದೆ ಒಂದೇ ಸಮನೆ ಏದುತ್ತಿತ್ತು. ತುಟಿ ಎತ್ತಿ ನೋಡಿದರೆ ಒಸಡಿನಲ್ಲಿ ಕೆಂಪೇ ಇಲ್ಲ, ಸುಣ್ಣ ಬಳಿದ ಹಾಗೆ ಬೆಳ್ಳಗೆ. ಬಾಲ್ಕನಿಯಲ್ಲಿ ಹಾಸಿದ್ದ ಪೇಪರಿನ ಮೇಲೆ ಅದು ಮಾಡಿದ ಉಚ್ಚೆ ಕಷಾಯದ ಬಣ್ಣಕ್ಕಿತ್ತು. ಸಾವಿತ್ರಕ್ಕ ಎಷ್ಟೋ ಬಾಣಂತಿಯರ ಎಷ್ಟೋ ಅವಸ್ಥೆ ಕಂಡವಳು. ಹೀಗೆ ಒಮ್ಮೆಗೇ ಬಣ್ಣ ಇಳಿದು ಹೋದದ್ದನ್ನು ಕಂಡಿರಲಿಲ್ಲ.

ಕಾರಿನಲ್ಲಿ ಹಾಕಿಕೊಂಡು ಎಲ್ಲರೂ ಬೋಡಕ್‌ದೇವ್‌ಗೆ ಓಡಿದರು. ಪಟ್ಟಾಭಿರಾಮ ಆಫೀಸಿನಿಂದ ನೇರ ಅಲ್ಲಿಗೇ ಬಂದ. ಸಿಟ್ಟು ಬಂದರೆ ಅವನಿಗೆ ಊರು, ಭಾಷೆ ಯಾವುದೂ ನೆನಪಿರುವುದಿಲ್ಲ. "ಏನ್ರೀ ಮಾಡಿದ್ರಿ ನಮ್ಮ ನಾಯಿಗೆ? ಹಲ್ಲು ತೆಗೀರಿ ಅಂದ್ರೆ ಜೀವ ತೆಗೀತೀರಾ?" ಎಂದು ಆ ಗುಜರಾತಿ ಹುಡುಗಿಯ ಮೇಲೆ ಕನ್ನಡದಲ್ಲಿ ಕೂಗಾಡಿ, ಆಮೇಲೆ ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಕೂಗಾಡಿದ. ಸಾವಿತ್ರಕ್ಕನೂ ಸುಮ್ಮನಿರಲಿಲ್ಲ. ಕೈ ನೋಡಿದರೇ ಗೊತ್ತಾಗುತ್ತದೆ, ಇನ್ನೂ ಪಳಗಿಲ್ಲ, ಚೆನ್ನಾಗಿ ತಿಂದುಂಡು ಇದ್ದ ಜೀವವನ್ನು ಹೀಗೆ ಮಾಡಿದೆಯಲ್ಲ ಎಂದು ಗುಜರಾತಿಯಲ್ಲಿ ಅವಳೂ ತನ್ನ ಪಾಲಿನದನ್ನು ಕೊಟ್ಟಳು.

ಡಾಕ್ಟರ್ ಹೇತಲ್ ಎಲ್ಲ ಕೇಳಿಸಿಕೊಂಡು, ಎದುರಾಡದೆ, ನಾಯಿಯನ್ನು ಒಳಗೆ ಮಲಗಿಸಿ ಡ್ರಿಪ್ ಹಾಕಿದಳು. ರಕ್ತ ತೆಗೆದು ತಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಹೊರಗೆ ಬಂದಾಗ ಅವಳ ಮುಖ ಇನ್ನಷ್ಟು ಇಳಿದಿತ್ತು.

"ಗಾಯದಿಂದ ರಕ್ತ ಹೋಗಿಲ್ಲ, ಹೊಲಿಗೆ ಸರಿಯಾಗಿದೆ" ಎಂದಳು ಗುಜರಾತಿಯಲ್ಲಿ. "ಮೈಯೊಳಗೇ ರಕ್ತದ ಕೆಂಪು ಕಣಗಳು ಒಡೆದುಹೋಗ್ತಿವೆ. ಕಣಗಳ ರೂಪ ನೋಡಿದ್ರೆ ಒಂದು ವಿಷಯ ಕೇಳಲೇಬೇಕು. ಈರುಳ್ಳಿ ಏನಾದ್ರೂ ತಿಂದಿತ್ತಾ? ಲಸಣ್? ಬೇಯಿಸಿದ್ದು, ಹುರಿದದ್ದು, ಯಾವುದಾದ್ರೂ ಸರಿ. ನಾಯಿಗಳಿಗೆ ಅದು ವಿಷ. ತಿಂದ ದಿನ ಏನೂ ಆಗಲ್ಲ, ಕೆಲವು ದಿನ ಬಿಟ್ಟು ಹೀಗೇ ಬೀಳ್ತವೆ."

ಲಸಣ್ ಎಂದರೆ ಬೆಳ್ಳುಳ್ಳಿ. ಗುಜರಾತಿನಲ್ಲಿ ಸಾವಿತ್ರಕ್ಕ ಮೊದಲು ಕಲಿತ ಕೆಲವೇ ಪದಗಳಲ್ಲಿ ಅದೂ ಒಂದು.

ರಚನಾ ನಕ್ಕೇಬಿಟ್ಟಳು, ಸಂಕಟದ ನಗೆ. "ಡಾಕ್ಟರ್, ನಮ್ಮ ಮನೆಯಲ್ಲಿ ಎರಡೂ ತರೋದೇ ಇಲ್ಲ. ಯಾರನ್ನ ಬೇಕಾದ್ರೂ ಕೇಳಿ."

ಬೇರೆ ಊರಿನಲ್ಲಾದರೆ ಡಾಕ್ಟರು ಇನ್ನೊಮ್ಮೆ ಕೆದಕುತ್ತಿದ್ದಳೋ ಏನೋ. ಇದು ಅಹಮದಾಬಾದು, ಇಂಥ ಮನೆಗಳು ಇಲ್ಲಿ ಬೀದಿಗೆ ಹತ್ತು. ಬಹುಶಃ ಅವಳ ಮನೆಯೂ ಅಂಥದೇ. ಅವಳು ತಲೆಯಾಡಿಸಿ ಆ ಮಾತನ್ನು ಅಲ್ಲಿಗೇ ಬಿಟ್ಟಳು. "ಹಾಗಾದ್ರೆ ಉಳಿಯೋದು ಒಂದೇ. ಮೈ ತನ್ನ ರಕ್ತವನ್ನ ತಾನೇ ಕೊಲ್ತಿದೆ. ಅದನ್ನ ಅಡಗಿಸೋಕೆ ತುಂಬ ಗಟ್ಟಿ ಔಷಧ ಕೊಡ್ಬೇಕು. ಬಾಯಲ್ಲಿ ಹಸಿ ಗಾಯ ಇರೋವಾಗ ಅದನ್ನ ಕೊಡೋದು ಅಪಾಯ, ಗಾಯ ಕೀವಾಗಿ ಮೈಗೆ ಏರಬಹುದು. ಇವತ್ತು ನೋಡ್ತೀನಿ. ಇದೇ ಥರ ಇಳೀತಾ ಹೋದ್ರೆ ನಾಳೆ ಬೆಳಿಗ್ಗೆ ಶುರು ಮಾಡಲೇಬೇಕು."

ಸಾವಿತ್ರಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮನೆಗೆ ಬಂದವಳ ಕೈ ಯಾವ ಕೆಲಸಕ್ಕೂ ಬರಲಿಲ್ಲ. ಬೆಳ್ಳುಳ್ಳಿ ತಿಂದು ಯಾರಾದರೂ ಸತ್ತದ್ದುಂಟೇ ಎಂದು ಮೊದಲು ಸಿಟ್ಟು ಬಂತು. ನೂರಾರು ಹೆಣ್ಣುಮಕ್ಕಳನ್ನು ಅದೇ ಲೇಹ್ಯ ಕೊಟ್ಟು ಎಬ್ಬಿಸಿ ನಿಲ್ಲಿಸಿಲ್ಲವೇ? ಡಾಕ್ಟರಿಗೆ ತನ್ನ ತಪ್ಪು ಮುಚ್ಚಿಕೊಳ್ಳಬೇಕಾಗಿದೆ, ಅದಕ್ಕೆ ಬಾಯಿಗೆ ಬಂದದ್ದು ಹೇಳುತ್ತಿದ್ದಾಳೆ ಅಂದುಕೊಂಡಳು. ಆದರೆ ಡಾಕ್ಟರು ಹೇಳಿದ ಒಂದೊಂದು ಮಾತೂ ಬಟ್ಟಲಿಗೂ ಭರಣಿಗೂ ತಾಳೆಯಾಗುತ್ತಿತ್ತು. ತಿಂದ ದಿನ ಏನೂ ಆಗುವುದಿಲ್ಲ ಅಂದಿದ್ದಳಲ್ಲ. ತಿಂದ ದಿನ ಚಿಕ್ಕಿ ಬಟ್ಟಲು ದೂಡಿಕೊಂಡು ಹೋಗಿತ್ತು.

ವಡೋದರಾಕ್ಕೆ ಫೋನು ಹಚ್ಚಿದಳು. ಪದ್ಮನಾಭನ ಹಿಂದೆ ಹೋಟೆಲಿನ ಗದ್ದಲ ಕೇಳುತ್ತಿತ್ತು.

"ಪದ್ದು, ನಾಯಿಗೆ ಬೆಳ್ಳುಳ್ಳಿ ಆಗುದಿಲ್ವಾ ಮಾರಾಯ?"

"ನಂಗೆಂತ ಗೊತ್ತುಂಟು ಅದೆಲ್ಲ? ನೀನು ಎಂತಾದ್ರೂ ಕೊಟ್ಯಾ?"

ಅವಳು ಮಾತಾಡಲಿಲ್ಲ. ತಮ್ಮನಿಗೆ ಅಷ್ಟು ಸಾಕಾಯಿತು. ಲೇಹ್ಯದಲ್ಲಿ ಏನಿದೆಯೆಂದು ಅವಳನ್ನು ಬಿಟ್ಟು ತಿಳಿದಿದ್ದವನು ಅವನೊಬ್ಬನೇ.

"ಅಕ್ಕಾ, ಸುಮ್ಮನೆ ಇರು. ಬಾಯಿ ಬಿಡ್ಬೇಡ" ಎಂದ ತಗ್ಗಿದ ದನಿಯಲ್ಲಿ. "ನಾಯಿಗೆ ಕೊಟ್ಟದ್ದು ಎಂತ ಅಂತ ಹೇಳಿದ್ರೆ, ನಮಗೆ ಕೊಟ್ಟದ್ದು ಎಂತ ಅಂತ ನಾಳೆ ಎಲ್ಲರೂ ಕೇಳ್ತಾರೆ. ಸೂರತ್ತಿನ ಆಚಾರ್ರು ನಿನ್ನನ್ನು ಮನೆ ಮೆಟ್ಟಿಲು ಹತ್ಲಿಕ್ಕೆ ಬಿಡ್ತಾರಾ? ಆ ಮೇಲೆ ಕನ್ನಡ ಸಂಘದಲ್ಲಿ ಮುಖ ತೋರಿಸ್ಲಿಕ್ಕುಂಟಾ ನಮಗೆ?"

ಅವನು ಹೇಳಿದ್ದು ಸುಳ್ಳಲ್ಲ. ಬಾಯಿ ಬಿಟ್ಟರೆ ತನ್ನ ಹೆಸರು ಹೋಗುತ್ತದೆ, ಬಿಡದಿದ್ದರೆ ಚಿಕ್ಕಿ ಹೋಗುತ್ತದೆ. ಫೋನಿಟ್ಟ ಮೇಲೂ ಸಾವಿತ್ರಕ್ಕ ಅದನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತ ಕೂತಳು. ಯಾವ ಕಡೆಯಿಂದ ನೋಡಿದರೂ ಮೂರನೇ ದಾರಿ ಕಾಣಲಿಲ್ಲ.

ನಡುಮನೆಯಲ್ಲಿ ಪಟ್ಟಾಭಿರಾಮ ಆಗಲೇ ಕೆಲಸ ಶುರು ಮಾಡಿದ್ದ. ಡಾಕ್ಟರ ಕ್ಲಿನಿಕ್ಕಿನ ಬಗ್ಗೆ ಇಂಟರ್ನೆಟ್ಟಿನಲ್ಲಿ ಇಷ್ಟುದ್ದ ಬರೆದು, ಅದನ್ನೇ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೂ ಹಾಕಿ, ಬಂದ ಉತ್ತರಗಳನ್ನು ಹೆಂಡತಿಗೆ ಓದಿ ಹೇಳುತ್ತಿದ್ದ. ಇನ್ನು ಆ ಕ್ಲಿನಿಕ್ಕಿಗೆ ತಮ್ಮ ನಾಯಿಯನ್ನು ಒಯ್ಯುವುದಿಲ್ಲವೆಂದು ಯಾರೋ ಬರೆದಿದ್ದರು. ಸಾವಿತ್ರಕ್ಕ ಅಡುಗೆಮನೆಯಲ್ಲೇ ಉಳಿದಳು. ನಾಯಿ ಕ್ಲಿನಿಕ್ಕಿನಲ್ಲಿ ಏನೂ ಮುಟ್ಟುತ್ತಿಲ್ಲ, ಬೆಳಿಗ್ಗೆ ನಿಮ್ಮ ಗಂಜಿ ತೆಗೆದುಕೊಂಡು ಬನ್ನಿ ಎಂದು ರಚನಾ ಹೇಳಿಹೋಗಿದ್ದಳು.

ಮನಸ್ವಿನಿ ಬಂದು ಕಟ್ಟೆಗೆ ಒರಗಿ ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು.

"ಅಜ್ಜಿ, ಡಾಕ್ಟರ್ ಕಾ ಮಿಸ್ಟೇಕ್ ಅಲ್ಲಾ ಅಂದ್ರೆ ಕಿಸ್ಕಾ? ನಂದು ಹೈ ನಾ? ನಾನೇ ಬೋಲಾ ಹಲ್ಲು ತೆಗಿಸೋಣ ಅಂತ. ಮಮ್ಮಿ ಬೇಡ ಬೇಡ ಬೋಲ್ತಾ ಇತ್ತು. ನಾನು ಜಿದ್ ಮಾಡಿದೆ. ನಾನೇ ಮಾರ್ ದಿಯಾ ಅದನ್ನ, ನಾನೇ ಕೊಂದೆ."

"ಹಾಗೆಲ್ಲ ಹೇಳ್ಬಾರ್ದು ಮಗಾ. ನೀನು ಎಂತದೂ ಮಾಡ್ಲಿಲ್ಲ."

"ನಿಮ್ಗೆ ಹೇಗೆ ಗೊತ್ತು?"

ಆ ಹುಡುಗಿಯ ಮುಖ ನೋಡುವುದು ಸಾವಿತ್ರಕ್ಕನಿಂದ ಆಗಲಿಲ್ಲ. ತಾನೇ ಮೊದಲ ನೀರೆರೆದ ಕೂಸು ಅದು, ತೊಡೆಯ ಮೇಲೆ ಹಾಕಿಕೊಂಡು ಮೂಗು ತೀಡಿ ನೆಟ್ಟಗೆ ಮಾಡಿದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆದಳು. ನಡುಮನೆಯಿಂದ ಪಟ್ಟಾಭಿರಾಮನ ದನಿ ಕೇಳಿಸಿತು. ಬಾಯಿ ಮುಚ್ಚಿಕೊಂಡಳು. ಛೀ, ನಿನ್ನ ಜನ್ಮವೇ ಎಂದು ಆ ಮೇಲೆ ಎಷ್ಟು ಹೊತ್ತು ತನ್ನನ್ನು ತಾನೇ ಬೈದುಕೊಂಡಳೋ ಲೆಕ್ಕವಿಲ್ಲ. ಅಷ್ಟು ಬೈದುಕೊಂಡವಳು ಎದ್ದು ಹೋಗಿ ಹೇಳಬಹುದಿತ್ತು, ಹೇಳಲಿಲ್ಲ.

ಬೆಳಿಗ್ಗೆ ಗಂಜಿ ಬೇಯಿಸಿ ತುಪ್ಪ ಬಿಟ್ಟಳು. ಅಭ್ಯಾಸದಿಂದ ಕಾಲು ಟ್ರಂಕಿನ ಕಡೆಗೇ ನಡೆಯಿತು, ಕೈ ಬಟ್ಟೆಯಡಿ ಹೋಗಿ ಭರಣಿ ಹಿಡಿಯಿತು. ಅಷ್ಟರಲ್ಲಿ ತಾನೇನು ಮಾಡುತ್ತಿದ್ದೇನೆಂದು ಅರಿವಾಯಿತು. ಭರಣಿ ಹಿಡಿದುಕೊಂಡೇ ಹಾಸಿಗೆಯ ಅಂಚಿಗೆ ಕೂತಳು. ಇಷ್ಟು ವರ್ಷ ಯಾರ ಮನೆಗೆ ಹೋದರೂ ಮೊದಲು ಇಳಿಸುತ್ತಿದ್ದದ್ದು ಇದೇ ಭರಣಿ. ಇದರೊಳಗೆ ಯಾರಿಗಾದರೂ ಕೇಡು ಇರಬಹುದೆಂದು ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಕೆಳಗಿನಿಂದ ಕಾರಿನ ಹಾರನ್ನು ಕೇಳಿತು. ಅದನ್ನು ವಾಪಸು ಇಡುವ ಬದಲು ಗಂಜಿಯ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಕ್ಲಿನಿಕ್ಕಿನಲ್ಲಿ ಚಿಕ್ಕಿ ಕಣ್ಣು ಬಿಟ್ಟುಕೊಂಡೇ ಮಲಗಿತ್ತು, ಆದರೆ ನೋಡುತ್ತಿರಲಿಲ್ಲ. ಮನಸ್ವಿನಿ ಕರೆದರೆ ಕಿವಿ ಮಾತ್ರ ಸ್ವಲ್ಪ ಆಡಿತು. ರಕ್ತ ನಿನ್ನೆಗಿಂತ ಇಳಿದಿದೆ, ಇನ್ನು ತಡಮಾಡುವ ಹಾಗಿಲ್ಲ ಎಂದು ಹೇಳಿ ಡಾಕ್ಟರ್ ಹೇತಲ್ ಇಂಜೆಕ್ಷನ್ನು ತುಂಬಿಕೊಂಡಳು. ಪಟ್ಟಾಭಿರಾಮ ಬಾಗಿಲಲ್ಲಿ ಕೈಕಟ್ಟಿ ನಿಂತು, "ಇದಕ್ಕೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ" ಎಂದು ಹಿಂದಿಯಲ್ಲಿ ಹೇಳಿದ. ಡಾಕ್ಟರು ಸೂಜಿ ಹಿಡಿದು ಚಿಕ್ಕಿಯ ಕಡೆ ಬಾಗಿದಳು.

"ಬೇನ್, ನಿಲ್ಲಿಸಿ" ಎಂದಳು ಸಾವಿತ್ರಕ್ಕ ಗುಜರಾತಿಯಲ್ಲಿ. ಚೀಲದಿಂದ ಭರಣಿ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನು ನಾನು ಅದಕ್ಕೆ ದಿನಾ ಕೊಟ್ಟಿದ್ದೇನೆ. ಇದರಲ್ಲಿ ಲಸಣ್ ಇದೆ. ತುಂಬ ಇದೆ."

ಡಾಕ್ಟರು ಮುಚ್ಚಳ ತೆಗೆದು ಮೂಸಿದಳು. ಅವಳಿಗೂ ಓಮದ ವಾಸನೆಯೇ ಬಂದಿರಬೇಕು, ನಂಬದೆ ನೋಡಿದಳು.

"ವಾಸನೆ ಬರುದಿಲ್ಲ. ಬಾರದ ಹಾಗೆ ಮಾಡುದೇ ನಂಗೆ ಗೊತ್ತಿರುವ ವಿದ್ಯೆ" ಎಂದಳು ಸಾವಿತ್ರಕ್ಕ. ಈ ಮಾತು ಕನ್ನಡದಲ್ಲಿ ಬಂತು, ಯಾರನ್ನು ಉದ್ದೇಶಿಸಿ ಎಂದು ಅವಳಿಗೇ ತಿಳಿಯಲಿಲ್ಲ.

"ನಿನ್ನೆ ನಾನು ಕೇಳಿದಾಗ ನೀವು ಇಲ್ಲೇ ಇದ್ರಿ ಮಾಸಿ" ಎಂದಳು ಡಾಕ್ಟರು.

"ಇದ್ದೆ."

ಡಾಕ್ಟರು ಇಂಜೆಕ್ಷನ್ನನ್ನು ಟ್ರೇಯಲ್ಲಿಟ್ಟು ಫೋನು ಹಿಡಿದಳು. ನಾಯಿಗೆ ನಾಯಿಯ ರಕ್ತವೇ ಬೇಕು. ಬೋಪಲ್ ಕಡೆ ಯಾರದೋ ಮನೆಯಲ್ಲಿ ದೊಡ್ಡ ಲ್ಯಾಬ್ರಡಾರ್ ಇತ್ತು, ಅದರ ಯಜಮಾನ ಕೇಳಿದ ತಕ್ಷಣ ಹೊರಟ. ಅವರು ಬರುವವರೆಗೂ ಡಾಕ್ಟರು ಚಿಕ್ಕಿಯ ಪಕ್ಕದಿಂದ ಕದಲಲಿಲ್ಲ. ಲ್ಯಾಬ್ರಡಾರಿನ ಕತ್ತಿನಿಂದ ತೆಗೆದ ರಕ್ತ ಹನಿಹನಿಯಾಗಿ ಚಿಕ್ಕಿಯ ಕಾಲಿಗೆ ಇಳಿಯತೊಡಗಿತು. ಮನಸ್ವಿನಿ ಅದನ್ನೇ ನೋಡುತ್ತ ನೆಲದ ಮೇಲೆ ಕೂತಿದ್ದಳು, ಸಾವಿತ್ರಕ್ಕನ ಕಡೆ ತಿರುಗಲಿಲ್ಲ.

ಪಟ್ಟಾಭಿರಾಮ ಮಾತ್ರ ಫೋನು ಕೈಯಲ್ಲಿ ಹಿಡಿದು ಚಡಪಡಿಸುತ್ತಿದ್ದ. "ಈಗ ನಾನು ಬರೆದಿದ್ದನ್ನೆಲ್ಲ ಅಳಿಸ್ಬೇಕಾ ರಚನಾ?"

"ಅಳಿಸಿ. ಅಳಿಸಿ, ತಪ್ಪಾಯ್ತು ಅಂತ ಅಲ್ಲೇ ಬರೀರಿ" ಎಂದಳು ರಚನಾ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮಾತು ಅದೊಂದೇ.

ಚಿಕ್ಕಿ ಉಳಿಯಿತು. ಸುಲಭವಾಗಿ ಅಲ್ಲ, ಮತ್ತೊಮ್ಮೆ ರಕ್ತ ಹಾಕಬೇಕಾಯಿತು. ಮೂರು ಹೆಜ್ಜೆ ನಡೆದು ಕೂತುಬಿಡುವುದು, ಮತ್ತೆ ಏಳುವುದು ಎಂದು ನಿಧಾನಕ್ಕೆ ಕಾಲೂರಿತು. ಮನೆಗೆ ತಂದ ದಿನ ಒಸಡಿನ ಅಂಚಿನಲ್ಲಿ ತೆಳ್ಳಗೆ ಗುಲಾಬಿ ಬಣ್ಣ ಕಂಡು ಮನಸ್ವಿನಿ ಕುಣಿದಾಡಿದಳು. ಡಬ್ಬಿಯ ಆಹಾರವನ್ನು ಈಗ ಅವಳೇ ತಿನ್ನಿಸುತ್ತಿದ್ದಳು. ಅಡುಗೆಗೆ ರಚನಾ ಇಳಿದಿದ್ದಳು. ಸಾವಿತ್ರಕ್ಕ ಪಾತ್ರೆ ಮುಟ್ಟಲು ಹೋದರೆ, "ಇರಲಿ ಬಿಡಿ, ನೀವು ಕೂತ್ಕೊಳ್ಳಿ" ಎನ್ನುತ್ತಿದ್ದಳು. ಬೈಗುಳವಿಲ್ಲ, ಮುಖ ಸಿಂಡರಿಸುವುದಿಲ್ಲ. ಇದಕ್ಕಿಂತ ನಾಲ್ಕು ಬೈದಿದ್ದರೆ ಸಾವಿತ್ರಕ್ಕನಿಗೆ ಜೀವ ಹಗುರವಾಗುತ್ತಿತ್ತು. ಸೂರತ್ತಿನಿಂದ ಹಯವದನಾಚಾರ್ಯರೇ ಫೋನು ಮಾಡಿದರು. ಶ್ವೇತಾಳ ತವರಿನವರು ಬರುತ್ತಿದ್ದಾರೆ, ನೀವು ತೊಂದರೆ ತೆಗೆದುಕೊಳ್ಳಬೇಡಿ ಎಂದರು. ಯಾರ ಮೂಲಕ ಸುದ್ದಿ ಹೋಯಿತೋ, ಅವಳು ಕೇಳಲೂ ಇಲ್ಲ.

ಕೊನೆಗೆ ತಮ್ಮನ ಹತ್ತಿರ ಹೋಗುತ್ತೇನೆಂದು ತಾನೇ ಹೇಳಿದಳು. ಯಾರೂ ಬೇಡ ಎನ್ನಲಿಲ್ಲ. ಟ್ರಂಕು ಬಾಗಿಲ ಹತ್ತಿರ ಬಂತು. ಮನಸ್ವಿನಿ ಕೆಳಗೆ ಆಟೋ ನಿಲ್ಲಿಸಲು ಹೋದಳು, ಹೋಗುವ ಮೊದಲು ಬಂದು ಒಮ್ಮೆ ಗಟ್ಟಿಯಾಗಿ ಅಪ್ಪಿಕೊಂಡಳು. ಮನೆಯಲ್ಲಿ ಉಳಿದವರು ಇಬ್ಬರೇ ಹೆಂಗಸರು.

"ನಂಗೂ ಅದನ್ನೇ ಕೊಟ್ಟಿದ್ರಿ, ಅಲ್ವಾ?" ಎಂದು ರಚನಾ ಕೇಳಿದಳು.

"ಕೊಟ್ಟಿದ್ದೆ ರಚನಮ್ಮ. ನಿಮಗೆ ಒಳ್ಳೇದಾಗ್ಲಿ ಅಂತ. ಅದು ಬಿಟ್ಟು ಬೇರೆ ನನ್ನ ಮನಸ್ಸಲ್ಲಿ ಇರ್ಲಿಲ್ಲ."

"ನನ್ನದು ಹೋಗ್ಲಿ. ನಾನು ನುಂಗಿದ್ದಾಯ್ತು." ರಚನಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಆಗ ಅಮ್ಮ ಬಂದಿದ್ರು ಮೈಸೂರಿನಿಂದ. ಅಪ್ಪ ಹೋದ ಮೇಲೆ ಅವರು ಮಡಿಯಿಲ್ಲದೆ ಒಂದು ಲೋಟ ನೀರು ಕುಡಿದವರಲ್ಲ. ಸಾಯೋ ಗಳಿಗೇಲೂ ಆಸ್ಪತ್ರೆ ಗಂಜಿ ಬಾಯಿಗೆ ಇಡ್ಲಿಲ್ಲ, ಯಾರು ಮುಟ್ಟಿದ್ದೋ, ಏನು ಹಾಕಿದ್ದೋ ಅಂತ. ಅವರಿಗೆ ಆಗ ಸೊಂಟ ನೋವಿತ್ತು. ನಾನು ಸ್ನಾನಕ್ಕೆ ಹೋದಾಗ ನೀವಿಬ್ರೂ ಅಡುಗೆಮನೇಲಿ ಕೂತು ಮಾತಾಡ್ತಿದ್ರಿ. ಸಾವಿತ್ರಮ್ಮ, ನೀವು ಅಮ್ಮನಿಗೂ..."

ಸಾವಿತ್ರಕ್ಕ ತಲೆ ಎತ್ತಿದಳು, ತುಟಿ ಬಿಚ್ಚಿದಳು.

"ಬೇಡ, ಹೇಳ್ಬೇಡಿ" ಎಂದು ರಚನಾ ಅವಳ ಕೈ ಹಿಡಿದುಕೊಂಡಳು. "ನೀವು ಈಗ ನಿಜಾನೇ ಹೇಳಿಬಿಡ್ತೀರಿ."